ಮನೆಯ ವಿದ್ಯುತ್ ಬೇಡಿಕೆಯ ಅಂದಾಜು: ಸೌರಫಲಕ ಕೊಳ್ಳುವ ಮುನ್ನ

ಬೆಳೆಗೆ ನೀರು ಕೊಡುವ ರೈತನು ಒಟ್ಟು ಎಷ್ಟು ನೀರು ಬೇಕೆಂಬುದನ್ನಷ್ಟೇ ನೋಡುವುದಿಲ್ಲ. ಯಾವ ಹಂತದಲ್ಲಿ ಬೇಕೆಂಬುದನ್ನೂ ನೋಡುತ್ತಾನೆ. ರಾಗಿ ತೆನೆ ಬಿಡುವ ಕಾಲದಲ್ಲಿ ಕೈಕೊಟ್ಟ ಮಳೆಯನ್ನು ಕಟಾವಿನ ಹೊತ್ತಿಗೆ ಸುರಿದ ಮಳೆ ತುಂಬಿಕೊಡಲಾರದು. ಆದರೆ ವರ್ಷದ ಮಳೆಯ ಮೊತ್ತ ನೋಡಿದರೆ ಕೊರತೆಯೇ ಕಾಣುವುದಿಲ್ಲ. ಮನೆಯ ವಿದ್ಯುಚ್ಛಕ್ತಿಯ ವಿಷಯವೂ ಹೀಗೆಯೇ. ತಿಂಗಳ ಬಿಲ್ಲಿನಲ್ಲಿ ಕಾಣುವ ಯೂನಿಟ್ಟುಗಳ ಮೊತ್ತವನ್ನೇ ಬೇಡಿಕೆ ಎಂದು ತಿಳಿದು ಸೌರಫಲಕ, ಬ್ಯಾಟರಿಗಳನ್ನು ಕೊಳ್ಳುವವರು ಅನೇಕರು. ಫಲಕ ಅಗತ್ಯಕ್ಕಿಂತ ದೊಡ್ಡದಾಗಿ, ಬ್ಯಾಟರಿ ಸಾಲದೆ, ರಾತ್ರಿ ದೀಪ ಆರಿಹೋಗಿ ಸಾಲದ ಕಂತು ಮಾತ್ರ ಉಳಿಯುವುದುಂಟು.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿ.ಎಂ. ಸೂರ್ಯ ಘರ್ ಯೋಜನೆಯನ್ನು ಜಾರಿಗೆ ತಂದಿತು. ಇದರ ಪ್ರಕಾರ ಮನೆಯ ಚಾವಣಿಯ ಮೇಲೆ ಹಾಕುವ ಫಲಕಗಳಿಗೆ ಮೊದಲ 2 ಕಿಲೋವಾಟ್‌ವರೆಗೆ ಪ್ರತಿ ಕಿಲೋವಾಟಿಗೆ 30,000 ರೂಪಾಯಿ, ಮೂರನೆಯ ಕಿಲೋವಾಟಿಗೆ 18,000 ರೂಪಾಯಿ, ಒಟ್ಟು 78,000 ರೂಪಾಯಿ ಮೀರದಂತೆ ಸಹಾಯಧನ ನಿಗದಿಯಾಯಿತು. ಅಂದಿನಿಂದ ಊರೂರಿಗೆ ಮಾರಾಟಗಾರರು ಬರುತ್ತಿದ್ದಾರೆ. ಸಹಾಯಧನ 3 ಕಿಲೋವಾಟಿನವರೆಗೆ ಇದೆ ಎಂಬ ಕಾರಣಕ್ಕೆ 3 ಕಿಲೋವಾಟ್ ಫಲಕವನ್ನೇ ಹಾಕಿಸಬೇಕೆಂದೇನೂ ಇಲ್ಲ. ಮನೆಗೆ ಎಷ್ಟು ಬೇಕು ಎಂಬುದನ್ನು ಮನೆಯವರೇ ಲೆಕ್ಕ ಹಾಕಿಕೊಳ್ಳಲು ಬರುತ್ತದೆ. ಅದಕ್ಕೆ ಒಂದು ನೋಟ್ ಪುಸ್ತಕ, ಒಂದು ಗಡಿಯಾರ ಮತ್ತು ಗೋಡೆಯ ಮೇಲಿನ ಮೀಟರು ಸಾಕು.

ಹಳೆಯ ಪಾಠ

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿ ದೀಪಗಳಿಗೆ ಬಂದದ್ದು 1905ರಲ್ಲಿ. ಗಣಿಯ ಕೆಲಸ ಹಗಲಿರುಳೂ ನಡೆಯುವಂಥದು; ನೀರಿನ ಚಕ್ರ ತಿರುಗಿದಷ್ಟೂ ಹೊತ್ತು ವಿದ್ಯುತ್ತಿಗೆ ಗಿರಾಕಿ ಇತ್ತು. ದೀಪಗಳಾದರೋ ಸಂಜೆಗೆ ಮಾತ್ರ ಬೇಡುತ್ತವೆ. ಒಂದೇ ಪ್ರಮಾಣದ ಯೂನಿಟ್ ಬಳಸುವ ಗಣಿಗೂ ಊರಿಗೂ ಒಂದೇ ಅಳತೆಯ ತಂತಿ, ಒಂದೇ ಅಳತೆಯ ಯಂತ್ರ ಸಾಲುವುದಿಲ್ಲ. ಊರಿಗೆ ದೊಡ್ಡದು ಬೇಕು, ಏಕೆಂದರೆ ಊರು ತನಗೆ ಬೇಕಾದ್ದನ್ನು ಕೆಲವೇ ಗಂಟೆಗಳಲ್ಲಿ ಒಟ್ಟಿಗೆ ಕೇಳುತ್ತದೆ.

1980ರ ದಶಕದಲ್ಲಿ ಈ ಮಾತು ರಾಜ್ಯದ ಮಟ್ಟದಲ್ಲಿಯೇ ಚರ್ಚೆಗೆ ಬಂದಿತು. 1985ರಲ್ಲಿ ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರ ಆರಂಭವಾಗುವವರೆಗೂ ಕರ್ನಾಟಕದ ವಿದ್ಯುತ್ತು ಬಹುಮಟ್ಟಿಗೆ ಜಲಾಶಯಗಳನ್ನೇ ನಂಬಿತ್ತು. ಮಳೆ ಕಡಿಮೆಯಾದರೆ ಲಿಂಗನಮಕ್ಕಿ ಬರಿದಾಗಿ ಊರೂರಿಗೂ ಕತ್ತಲು. ಮುಂದಿನ ಅಗತ್ಯವನ್ನು ಅಂದಾಜು ಮಾಡಲು ನೇಮಕವಾಗಿದ್ದ ಸಮಿತಿಯೊಂದು 1987ರಲ್ಲಿ, ಹಿಂದಿನ ಬೆಳವಣಿಗೆಯ ಗೆರೆಯನ್ನೇ ಮುಂದಕ್ಕೆ ಎಳೆದು, 2000ನೆಯ ಇಸವಿಗೆ ಭಾರಿ ಪ್ರಮಾಣದ ವಿದ್ಯುತ್ತು ಬೇಕಾಗುವುದೆಂದು ಹೇಳಿತು. ಭಾರತೀಯ ವಿಜ್ಞಾನ ಮಂದಿರದ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು 1991ರಲ್ಲಿ ಬೇರೊಂದು ದಾರಿ ಹಿಡಿದರು. ಜನಕ್ಕೆ ಬೇಕಾದದ್ದು ಯೂನಿಟ್ಟುಗಳಲ್ಲ, ಬೆಳಕು, ಬಿಸಿನೀರು, ಹೊಲಕ್ಕೆ ನೀರು ಎಂದು ಹಿಡಿದು, ಒಂದೊಂದು ಬಳಕೆಗೂ ಎಷ್ಟು ವಿದ್ಯುತ್ತು ಬೇಕೆಂದು ಬಿಡಿಬಿಡಿಯಾಗಿ ಕೂಡಿಸಿದರು. ಬಿಸಿನೀರಿಗೆ ಸೌರ ಹಂಡೆ, ದೀಪಕ್ಕೆ ಕಡಿಮೆ ವಾಟಿನ ಬಲ್ಬು, ಪಂಪ್‌ಸೆಟ್ಟಿಗೆ ಒಳ್ಳೆಯ ಫುಟ್‌ವಾಲ್ವು ಮತ್ತು ಪೈಪು ಎಂದು ಸುಧಾರಣೆಗಳನ್ನು ಸೇರಿಸಿದಾಗ ಬಂದ ಉತ್ತರ ಸಮಿತಿಯ ಅಂದಾಜಿನ ಸುಮಾರು ಐದರಲ್ಲಿ ಎರಡು ಪಾಲು ಮಾತ್ರ. ಹೀಗೆ ಕೆಳಗಿನಿಂದ ಮೇಲಕ್ಕೆ ಕೂಡಿಸುವ ವಿಧಾನ ರಾಜ್ಯಕ್ಕೆ ಹೇಗೋ ಒಂದು ಮನೆಗೂ ಹಾಗೆಯೇ ಹೊಂದುತ್ತದೆ.

ಕಮ್ಮನಹಳ್ಳಿಯ ಒಂದು ಮನೆ

ಬೆಂಗಳೂರು ದಂಡುಪ್ರದೇಶದ ಪೂರ್ವಕ್ಕೆ, ಬಾಣಸವಾಡಿಗೂ ಲಿಂಗರಾಜಪುರಕ್ಕೂ ನೆರೆಯಾಗಿರುವ ಕಮ್ಮನಹಳ್ಳಿ ಹೆಸರಿನಲ್ಲಿ ಮಾತ್ರ ಈಗ ಹಳ್ಳಿ. ಹೊಲಗಳಿದ್ದ ಜಾಗದಲ್ಲಿ ಬಡಾವಣೆಗಳು ಎದ್ದಿವೆ. ಕೆಳಗೆ ಮಾಲೀಕರು, ಮೇಲಿನ ಎರಡು ಅಂತಸ್ತಿನಲ್ಲಿ ಬಾಡಿಗೆಯವರು, ನೆಲದಡಿಯಲ್ಲಿ ಸಂಪು, ಚಾವಣಿಯ ಮೇಲೆ ನೀರಿನ ತೊಟ್ಟಿ, ಇದು ಅಲ್ಲಿನ ಸಾಮಾನ್ಯ ಮನೆ. ಇಂಥ ಮನೆಯ ನೆಲಮಾಳಿಗೆಯಲ್ಲಿರುವ ನಾಲ್ಕು ಜನರ ಒಂದು ಕುಟುಂಬವನ್ನು ಉದಾಹರಣೆಗಾಗಿ ಭಾವಿಸಿಕೊಳ್ಳೋಣ. ಹಳ್ಳಿಯ ಓದುಗರು ಇದು ಪಟ್ಟಣದವರ ಲೆಕ್ಕವೆಂದು ಬಿಡಬಾರದು. ಗೀಸರಿನ ಜಾಗದಲ್ಲಿ ಮೇವು ಕತ್ತರಿಸುವ ಯಂತ್ರ, ಸಂಪಿನ ಮೋಟಾರಿನ ಜಾಗದಲ್ಲಿ ಕೊಳವೆ ಬಾವಿಯ ಮೋಟಾರು ಇಟ್ಟುಕೊಂಡರೆ ಲೆಕ್ಕ ಅದೇ. ಅಲ್ಲದೆ ಪಟ್ಟಣದ ಮನೆಯಲ್ಲಿ ಸಂಗತಿಗಳು ಇಕ್ಕಟ್ಟಾಗಿರುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ದಿನದ ಬಳಕೆಯನ್ನು ಹೀಗೆ ಬರೆಯಬಹುದು.

ಎಲ್.ಇ.ಡಿ. ದೀಪ 6, ತಲಾ 9 ವಾಟ್, 5 ಗಂಟೆ: 0.27 ಯೂನಿಟ್
ಫ್ಯಾನ್ 3, ತಲಾ 70 ವಾಟ್, 8 ಗಂಟೆ: 1.68
ಫ್ರಿಜ್, ದಿನವಿಡೀ: 1.00
ಟಿ.ವಿ. 80 ವಾಟ್, 4 ಗಂಟೆ: 0.32
ಮಿಕ್ಸಿ 500 ವಾಟ್, 20 ನಿಮಿಷ: 0.17
ಗೀಸರ್ 2000 ವಾಟ್, 1 ಗಂಟೆ: 2.00
ಇಸ್ತ್ರಿ ಪೆಟ್ಟಿಗೆ 1000 ವಾಟ್, 15 ನಿಮಿಷ: 0.25
ಸಂಪಿನ ಮೋಟಾರು 1 ಅಶ್ವಶಕ್ತಿ, 45 ನಿಮಿಷ: 0.75
ಬಟ್ಟೆ ಒಗೆಯುವ ಯಂತ್ರ, ದಿನಕ್ಕೆ ಸರಾಸರಿ: 0.20
ಫೋನ್, ಇಂಟರ್‌ನೆಟ್ ಪೆಟ್ಟಿಗೆ ಇತ್ಯಾದಿ: 0.34

ಒಟ್ಟು ಸುಮಾರು 7 ಯೂನಿಟ್, ತಿಂಗಳಿಗೆ 210. ಮೋಟಾರು 1 ಅಶ್ವಶಕ್ತಿ ಎಂದರೆ ಅದು ಹೊರಗೆ ಕೊಡುವ ಕೆಲಸ 746 ವಾಟ್. ತಂತಿಯಿಂದ ಎಳೆದುಕೊಳ್ಳುವುದು 1000 ವಾಟಿನ ಹತ್ತಿರ. ಫಲಕದ ಲೆಕ್ಕದಲ್ಲಿ ಹಿಡಿಯಬೇಕಾದದ್ದು ಈ ಎರಡನೆಯ ಅಂಕಿ. ಮಾರಾಟಗಾರರು ಕೊಡುವ ಚೀಟಿಗಳಲ್ಲಿ ಮೊದಲನೆಯದೇ ಇರುವುದು ಹೆಚ್ಚು. ಗೀಸರಿನ 2 ಯೂನಿಟ್ಟು ಕೆಲವರಿಗೆ ಹೆಚ್ಚೆನಿಸಬಹುದು. ಸುಮಾರು 70 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಅಷ್ಟು ಬೇಕೇ ಬೇಕು. ನಾಲ್ಕು ಜನರಿಗೆ ತಲಾ ಒಂದು ಬಕೆಟ್ ಎಂದರೆ ಅಷ್ಟಾಗುತ್ತದೆ.

ಇಲ್ಲೊಂದು ಮಾತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮಿತಿ 200 ಯೂನಿಟ್. ಪ್ರತಿ ಮನೆಯ 2022-23ರ ಸರಾಸರಿ ಬಳಕೆಯನ್ನು ಆಧಾರವಾಗಿಟ್ಟು, ಆರಂಭದಲ್ಲಿ ಅದಕ್ಕೆ ಶೇಕಡ 10 ಸೇರಿಸಿ ಉಚಿತ ಪ್ರಮಾಣ ನಿಗದಿಯಾಯಿತು. ಅದನ್ನು ದಾಟಿದರೆ ಹೆಚ್ಚುವರಿಗೆ ಹಣ. 200 ದಾಟಿದರೆ ಆ ತಿಂಗಳು ಪೂರ್ಣ ಬಿಲ್ಲು. 195 ಯೂನಿಟ್ ಬಳಸುವ ಮನೆಗೂ 210 ಯೂನಿಟ್ ಬಳಸುವ ಮನೆಗೂ ನಡುವಿನ ವ್ಯತ್ಯಾಸ 15 ಯೂನಿಟ್ಟಿನದಲ್ಲ, ಇಡೀ ಬಿಲ್ಲಿನದು. ಉಚಿತವಿರುವಾಗ ಲೆಕ್ಕವೇಕೆ ಎನ್ನುವವರು ಇದನ್ನು ಗಮನಿಸುವುದು ಲೇಸು.

ಗಂಟೆಗಂಟೆಯ ಲೆಕ್ಕ

7 ಯೂನಿಟ್ಟನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 0.3 ಯೂನಿಟ್ಟೂ ಇಲ್ಲ. ಆದರೆ ಬೆಳಿಗ್ಗೆ 7 ಗಂಟೆಯ ಹೊತ್ತಿಗೆ ಆ ಮನೆಯೊಳಗೆ ಹೋಗಿ ನೋಡಿದರೆ ಚಿತ್ರವೇ ಬೇರೆ. ಸ್ನಾನಕ್ಕೆ ಗೀಸರು, ತೊಟ್ಟಿಗೆ ನೀರೇರಿಸುವ ಮೋಟಾರು, ಚಟ್ನಿಗೆ ಮಿಕ್ಸಿ, ಶಾಲೆಯ ಸಮವಸ್ತ್ರಕ್ಕೆ ಇಸ್ತ್ರಿ, ಜೊತೆಗೆ ದೀಪ, ಫ್ರಿಜ್ಜುಗಳ 200 ವಾಟ್. ಎಲ್ಲವೂ ಒಂದೇ ನಿಮಿಷದಲ್ಲಿ ಕೂಡಿಕೊಂಡರೆ 4.7 ಕಿಲೋವಾಟ್, ಎಂದರೆ ಸರಾಸರಿಯ 16 ಪಟ್ಟು. ಮಧ್ಯಾಹ್ನ 12ಕ್ಕೆ ಅದೇ ಮನೆಯಲ್ಲಿ ಫ್ರಿಜ್ಜು, ಹೆಚ್ಚೆಂದರೆ ಒಂದು ಫ್ಯಾನು.

ಈಗ ಚಾವಣಿಯ ಮೇಲೆ 2 ಕಿಲೋವಾಟ್ ಫಲಕ ಹಾಕಿದರೆಂದು ಇಟ್ಟುಕೊಳ್ಳೋಣ. ಬೆಂಗಳೂರಿನ ಬಿಸಿಲಿಗೆ 1 ಕಿಲೋವಾಟ್ ಫಲಕದಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೆಚ್ಚು. ಜುಲೈ, ಆಗಸ್ಟ್‌ನ ಮೋಡದ ದಿನಗಳಲ್ಲಿ ಅರ್ಧಕ್ಕೂ ಇಳಿಯಬಹುದು. 2 ಕಿಲೋವಾಟಿಗೆ 8 ಯೂನಿಟ್. ಬೇಕಾದದ್ದು 7, ಬಂದದ್ದು 8. ಮೊತ್ತದ ಲೆಕ್ಕ ಸರಿಹೋಯಿತು. ಗಂಟೆಯ ಲೆಕ್ಕ ಸರಿಹೋಗಲಿಲ್ಲ. ಬಿಸಿಲು ಚೆನ್ನಾಗಿರುವ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಈ ಮನೆ ಬಳಸುವುದು ಸುಮಾರು 1 ಯೂನಿಟ್ ಮಾತ್ರ. ಉಳಿದ 6 ಯೂನಿಟ್ ಬೇಕಾದದ್ದು ಬಿಸಿಲಿಲ್ಲದ ಹೊತ್ತಿನಲ್ಲಿ.

ಮೀಟರಿನ ಮೂಲಕ ಬೆಸ್ಕಾಂ ತಂತಿಗೆ ಜೋಡಿಸಿದ್ದರೆ ಹಗಲಿನ ಹೆಚ್ಚುವರಿ ಹೊರಗೆ ಹೋಗಿ ರಾತ್ರಿ ಹಿಂದಕ್ಕೆ ಬರುತ್ತದೆ. ತಂತಿಯೇ ಕಣಜವಾಗಿ ಕೆಲಸ ಮಾಡುತ್ತದೆ. ಆದರೆ ಈ ಬಗೆಯ ಜೋಡಣೆಯಲ್ಲಿ, ಬ್ಯಾಟರಿ ಇಲ್ಲದಿದ್ದರೆ, ಲೈನಿನಲ್ಲಿ ಕರೆಂಟು ಹೋದೊಡನೆ ಮನೆಯ ಫಲಕವೂ ತಾನಾಗಿ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಮನೆಯ ಕಡೆಯಿಂದ ಕರೆಂಟು ಹೊಡೆಯಬಾರದೆಂಬ ಕಾರಣಕ್ಕೆ ಮಾಡಿದ ಏರ್ಪಾಡು ಇದು, ಯಂತ್ರದ ದೋಷವಲ್ಲ. ಕರೆಂಟು ಹೋದಾಗಲೂ ದೀಪ ಉರಿಯುವುದೆಂಬ ಆಸೆಯಿಂದ ಫಲಕ ಹಾಕಿಸಿ, ಮೊದಲ ಕಡಿತದ ದಿನವೇ ಮಾರಿದವನ ಮೇಲೆ ಸಿಟ್ಟಾಗುವವರಿದ್ದಾರೆ. ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿಯಬೇಕು.

ಕಾಯುವ ಕೆಲಸ, ಕಾಯದ ಕೆಲಸ

ಬೇಡಿಕೆ ನಿರ್ವಹಣೆ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಸಣ್ಣ ವಿಷಯ. ಮನೆಯ ಕೆಲಸಗಳಲ್ಲಿ ಕೆಲವು ಕಾಯಲಾರವು. ಕತ್ತಲಾದಾಗ ದೀಪ ಬೇಕು, ಸೆಕೆಯಾದಾಗ ಫ್ಯಾನ್ ಬೇಕು. ಹಾಲು ಕರೆಯುವ ಯಂತ್ರ ಹಸುವಿನ ಹೊತ್ತಿಗೆ ನಡೆಯಬೇಕೇ ಹೊರತು ಸೂರ್ಯನ ಹೊತ್ತಿಗಲ್ಲ. ಕೆಲವು ಕಾಯಬಲ್ಲವು. ಬಟ್ಟೆ ಒಗೆಯುವುದು, ಇಸ್ತ್ರಿ, ಮೇವು ಕತ್ತರಿಸುವುದು, ಹಿಟ್ಟು ಬೀಸುವುದು ಇವನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಬಹುದು. ಮೂರನೆಯ ಬಗೆಯವು ಫಲವನ್ನು ಕೂಡಿಡಬಲ್ಲ ಕೆಲಸಗಳು. ನೀರನ್ನು ತೊಟ್ಟಿಗೆ ಏರಿಸಿಡಬಹುದು, ಬಿಸಿನೀರನ್ನು ಹಂಡೆಯಲ್ಲಿ ಕಾಪಾಡಬಹುದು. ವಿದ್ಯುತ್ತನ್ನು ಬ್ಯಾಟರಿಯಲ್ಲಿ ಇಡುವುದಕ್ಕಿಂತ ನೀರನ್ನು ತೊಟ್ಟಿಯಲ್ಲಿ ಇಡುವುದು ಅಗ್ಗ. ತೊಟ್ಟಿ ಹತ್ತಾರು ವರ್ಷ ಬಾಳುತ್ತದೆ. ಸೀಸದ ಬ್ಯಾಟರಿಯನ್ನು ನಾಲ್ಕಾರು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹೊಲದಲ್ಲಿ ಕೃಷಿ ಹೊಂಡವಿರುವ ರೈತನಿಗೆ ಆ ಹೊಂಡವೇ ಬ್ಯಾಟರಿ ಎಂದರೆ ತಪ್ಪಿಲ್ಲ.

ಕಮ್ಮನಹಳ್ಳಿಯ ಮನೆಗೆ ಇದನ್ನು ಹೊಂದಿಸಿ ನೋಡೋಣ. ಗೀಸರಿನ ಬದಲು ಚಾವಣಿಯ ಮೇಲೆ ಸೌರ ಹಂಡೆ ಇಟ್ಟರೆ 2 ಯೂನಿಟ್ ಹೋಯಿತು. ಬೆಂಗಳೂರಿನಲ್ಲಿ ಸೌರ ಹಂಡೆ ಹೊಸದೇನಲ್ಲ. 2007ರಲ್ಲಿಯೇ ರಾಜ್ಯ ಸರ್ಕಾರ ಕೆಲವು ಬಗೆಯ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತ್ತು. ಮೋಟಾರು ಮತ್ತು ಇಸ್ತ್ರಿಯನ್ನು ಬೆಳಿಗ್ಗೆ 11ರ ನಂತರಕ್ಕೆ ಸರಿಸಿದರೆ 1 ಯೂನಿಟ್ ಬಿಸಿಲಿನ ಹೊತ್ತಿಗೆ ಬಂದಿತು. ಹಳೆಯ 70 ವಾಟಿನ ಫ್ಯಾನುಗಳ ಬದಲು 28 ವಾಟಿನ ಬಿ.ಎಲ್.ಡಿ.ಸಿ. ಫ್ಯಾನು ಹಾಕಿದರೆ ಸುಮಾರು 1 ಯೂನಿಟ್ ಉಳಿಯಿತು. ಈಗ ದಿನದ ಒಟ್ಟು ಬೇಡಿಕೆ 7ರಿಂದ 4ಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಿಸಿಲಿಲ್ಲದ ಹೊತ್ತಿನ ಬೇಡಿಕೆ 6ರಿಂದ 2.2ಕ್ಕೆ ಇಳಿಯುತ್ತದೆ. ಸ್ನಾನ, ಗಾಳಿ, ಬೆಳಕು, ನೀರು ಯಾವುದರಲ್ಲಿಯೂ ಕಡಿಮೆಯಾಗಿಲ್ಲ.

ಬ್ಯಾಟರಿಯ ಮೇಲೆ ಇದರ ಪರಿಣಾಮ ದೊಡ್ಡದು. 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಸೀಸದ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಬೇಗ ಹಾಳಾಗಬಾರದೆಂದರೆ ಅದರಲ್ಲಿ ಅರ್ಧವನ್ನು ಮಾತ್ರ ಬಳಸಬೇಕು. ಇನ್ವರ್ಟರಿನ ನಷ್ಟವನ್ನು ಬಿಟ್ಟರೂ, 6 ಯೂನಿಟ್ಟಿಗೆ ಏಳು ಬ್ಯಾಟರಿ ಬೇಕು, 2.2 ಯೂನಿಟ್ಟಿಗೆ ಮೂರು ಸಾಕು. ಫಲಕವೂ 2 ಕಿಲೋವಾಟಿನ ಬದಲು ಸುಮಾರು 1 ಕಿಲೋವಾಟ್. ಬ್ಯಾಟರಿಯಲ್ಲಿ ತುಂಬಿ ತೆಗೆಯುವಾಗ ಐದರಲ್ಲಿ ಒಂದು ಪಾಲಿನ ಹತ್ತಿರ ನಷ್ಟವಾಗುವುದರಿಂದ ಮತ್ತು ಮಳೆಗಾಲದ ಇಳಿಕೆಯಿಂದ, ತಂತಿಯ ಆಸರೆ ಇಲ್ಲದ ತೋಟದ ಮನೆಯಾದರೆ ಒಂದೂವರೆ ಕಿಲೋವಾಟ್ ಹಾಕುವುದು ಕ್ಷೇಮ.

ಸೌರ ಹಂಡೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ಮೂರು ದಿನ ಮೋಡ ಕವಿದರೆ ಹಂಡೆಯೊಳಗಿನ ವಿದ್ಯುತ್ ಕಾಯಿಲನ್ನು ಹಾಕಲೇಬೇಕಾಗುತ್ತದೆ. ಮೋಡ ಒಂದು ಮನೆಯ ಮೇಲೆ ಮಾತ್ರ ಬರುವುದಿಲ್ಲ. ಬಡಾವಣೆಯ ಎಲ್ಲ ಕಾಯಿಲುಗಳೂ ಒಂದೇ ಬೆಳಿಗ್ಗೆ ಕೆಂಪಗಾಗುತ್ತವೆ, ಅದೇ ಬೆಳಿಗ್ಗೆ ಸೌರಫಲಕಗಳೂ ಸೊರಗಿರುತ್ತವೆ. ವರ್ಷದ ಯೂನಿಟ್ಟಿನಲ್ಲಿ ಉಳಿತಾಯವಾದರೂ ಆ ದಿನದ ಗರಿಷ್ಠ ಬೇಡಿಕೆ ಹಾಗೆಯೇ ಉಳಿಯುತ್ತದೆ. ಹಳ್ಳಿಯ ಮನೆಗಳಲ್ಲಿ ಹಿತ್ತಿಲ ಒಲೆಯ ಮೇಲಿನ ತಾಮ್ರದ ಹಂಡೆಯನ್ನು ಇನ್ನೂ ತೆಗೆದುಹಾಕದವರು ಈ ವಿಷಯದಲ್ಲಿ ಜಾಣರು.

ಪಟ್ಟಣದ ಚಾವಣಿಗೆ ಇನ್ನೊಂದು ತೊಡಕಿದೆ. 30-40 ಅಡಿಯ ನಿವೇಶನದಲ್ಲಿ ನೀರಿನ ತೊಟ್ಟಿ, ಸೌರ ಹಂಡೆ, ಬಟ್ಟೆ ಹರವುವ ಹಗ್ಗ ಎಲ್ಲಕ್ಕೂ ಜಾಗ ಅದೇ. 1 ಕಿಲೋವಾಟ್ ಫಲಕಕ್ಕೆ ಓಡಾಡುವ ಜಾಗ ಸೇರಿ 80ರಿಂದ 100 ಚದರ ಅಡಿ ಬೇಕು. ಪಕ್ಕದವರು ಇನ್ನೊಂದು ಅಂತಸ್ತು ಎತ್ತಿದರೆ ನೆರಳು. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಹಳ್ಳಿಯಲ್ಲಿ ಈ ಕೆಲಸವನ್ನು ತೆಂಗಿನ ಗರಿ ಮಾಡುತ್ತದೆ.

ಇಪ್ಪತ್ತು ಮನೆಗಳು, ಒಂದು ಟ್ರಾನ್ಸ್‌ಫಾರ್ಮರ್

ಒಂದು ಮನೆಯ ಗರಿಷ್ಠ ಬೇಡಿಕೆ 4.7 ಕಿಲೋವಾಟ್ ಆದರೆ 20 ಮನೆಗಳದು 94 ಕಿಲೋವಾಟ್ ಆಗಬೇಕಲ್ಲವೇ? ಆಗುವುದಿಲ್ಲ. ಒಬ್ಬರು 6ಕ್ಕೆ ಸ್ನಾನ ಮಾಡುತ್ತಾರೆ, ಇನ್ನೊಬ್ಬರು 8ಕ್ಕೆ. ಬೆಳಗಿನ 3 ಗಂಟೆಯ ಅವಧಿಯಲ್ಲಿ ಗೀಸರು ಉರಿಯುವುದು 1 ಗಂಟೆ ಎಂದರೆ, ಯಾವುದೇ ಒಂದು ಕ್ಷಣದಲ್ಲಿ ಮೂರು ಮನೆಗಳ ಪೈಕಿ ಒಂದರಲ್ಲಿ ಮಾತ್ರ ಅದು ಉರಿಯುತ್ತಿರುತ್ತದೆ. ಮೋಟಾರು ನಾಲ್ಕರಲ್ಲಿ ಒಂದು, ಮಿಕ್ಸಿ ಒಂಬತ್ತರಲ್ಲಿ ಒಂದು, ಇಸ್ತ್ರಿ ಹನ್ನೆರಡರಲ್ಲಿ ಒಂದು. ಹೀಗೆ ಗುಣಿಸಿ ಕೂಡಿಸಿದರೆ ಮನೆಗೆ ಸರಾಸರಿ 1.25 ಕಿಲೋವಾಟ್, ಇಪ್ಪತ್ತಕ್ಕೆ 25 ಕಿಲೋವಾಟ್. ಜನರ ದಿನಚರಿಯ ಈ ಹೆಚ್ಚುಕಡಿಮೆಯೇ ವಿದ್ಯುತ್ ಸರಬರಾಜಿನ ದೊಡ್ಡ ಆಸ್ತಿ.

ವಿದೇಶಗಳ ಸಂಶೋಧಕರೂ ಇದೇ ಲೆಕ್ಕವನ್ನು ಗಣಕಯಂತ್ರದ ಸಹಾಯದಿಂದ ನಿಮಿಷ ನಿಮಿಷಕ್ಕೆ ಮಾಡುತ್ತಾರೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದ ಮಾದರಿಯೊಂದು, ಜನರು ಮನೆಯಲ್ಲಿ ಯಾವಾಗ ಎಚ್ಚರವಾಗಿರುತ್ತಾರೆ ಎಂಬ ದಿನಚರಿ ಸಮೀಕ್ಷೆಯಿಂದ ಹೊರಟು ಮನೆಯ ವಿದ್ಯುತ್ ಬೇಡಿಕೆಯನ್ನು ಅಂದಾಜು ಮಾಡುತ್ತದೆ. ನಮ್ಮ ದೇಶದಲ್ಲಿಯೂ 2019ರಲ್ಲಿ ಜನರ ಸಮಯದ ಬಳಕೆಯ ರಾಷ್ಟ್ರೀಯ ಸಮೀಕ್ಷೆ ನಡೆದಿದೆ. ಕರೆಂಟಿನ ಲೆಕ್ಕ ಮೂಲತಃ ಜನರ ಹೊತ್ತಿನ ಲೆಕ್ಕ.

ಈ ಆಸ್ತಿ ಒಂದು ಗಳಿಗೆಯಲ್ಲಿ ಕರಗಿಹೋಗುವುದೂ ಉಂಟು. ಬೆಳಿಗ್ಗೆ 2 ಗಂಟೆ ಕರೆಂಟು ಹೋಗಿ ಬಂದಿತೆನ್ನಿ. ಕಾದು ಕುಳಿತಿದ್ದ ಇಪ್ಪತ್ತೂ ಮನೆಗಳ ಗೀಸರು, ಮೋಟಾರುಗಳು ಒಟ್ಟಿಗೆ ಹೊರಡುತ್ತವೆ. 25 ಕಿಲೋವಾಟ್ ಇದ್ದದ್ದು 60 ದಾಟುತ್ತದೆ. ಹಳ್ಳಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ಪಂಪ್‌ಸೆಟ್ಟುಗಳ ಆಟೋ ಸ್ಟಾರ್ಟರಿನಿಂದ ಆಗುವುದೂ ಇದೇ. 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಒಂದರ ಮೇಲೆ 5 ಅಶ್ವಶಕ್ತಿಯ 12 ಪಂಪುಗಳಿದ್ದರೆ, ಒಂದೊಂದೂ ಸುಮಾರು 4.8 ಕಿಲೋವಾಟ್ ಎಳೆಯುತ್ತದೆ. ಕೆಪಾಸಿಟರ್ ಇಲ್ಲದ ಮೋಟಾರುಗಳಲ್ಲಿ ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ ಒಟ್ಟು 72 ಕೆ.ವಿ.ಎ. ಆಯಿತು. ಇದು ಓಡುವಾಗಿನ ಭಾರ. ಹೊರಡುವ ಕ್ಷಣದಲ್ಲಿ ಮೋಟಾರು ಎಳೆಯುವ ಕರೆಂಟು ಇದರ ಹಲವು ಪಟ್ಟು. ರಾತ್ರಿ ಮೂರು ಫೇಸ್ ಬಂದ ಕ್ಷಣದಲ್ಲಿಯೇ ಹನ್ನೆರಡೂ ಹೊರಟರೆ ವೋಲ್ಟೇಜು ಕುಸಿದು, ಮೋಟಾರುಗಳು ಇನ್ನಷ್ಟು ಕರೆಂಟು ಎಳೆದು, ಯಾರದೋ ಒಬ್ಬರ ವೈಂಡಿಂಗ್ ಸುಡುತ್ತದೆ ಅಥವಾ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ. ಹೊಸದು ಬರುವಷ್ಟರಲ್ಲಿ ಟೊಮೆಟೊ ಬಾಡಿರುತ್ತದೆ.

ಪರಿಹಾರ ದುಬಾರಿಯದಲ್ಲ. ಸ್ಟಾರ್ಟರುಗಳಿಗೆ ತಡಮಾಡಿ ಹೊರಡಿಸುವ ಟೈಮರ್ ಹಾಕಿ, ಒಂದೊಂದಕ್ಕೂ ಒಂದೊಂದು ನಿಮಿಷದ ಅಂತರ ಕೊಡಬಹುದು. ಪ್ರತಿ ಮೋಟಾರಿಗೂ ತಕ್ಕ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರನ್ನು 0.95ಕ್ಕೆ ತಂದರೆ ಅದೇ 12 ಪಂಪುಗಳು 61 ಕೆ.ವಿ.ಎ.ಗೆ ಇಳಿಯುತ್ತವೆ. ಎಲ್ಲಕ್ಕಿಂತ ಒಳ್ಳೆಯದು ಸರದಿ. ಆರಾರು ಪಂಪುಗಳ ಎರಡು ತಂಡ ಮಾಡಿದರೆ ಕೆಪಾಸಿಟರ್ ಇಲ್ಲದೆಯೂ 36 ಕೆ.ವಿ.ಎ. ಮಾತ್ರ. ಕೆರೆ ನೀರಿಗೆ ನೀರುಗಂಟಿಯನ್ನು ನೇಮಿಸಿ ತೂಬಿನಿಂದ ಸರದಿಯ ಮೇಲೆ ಗದ್ದೆಗೆ ನೀರು ಬಿಡಿಸುತ್ತಿದ್ದ ಊರುಗಳಿಗೆ ಟ್ರಾನ್ಸ್‌ಫಾರ್ಮರಿನ ಸರದಿ ಕಷ್ಟವಾಗಬಾರದು. ಆದರೆ ತನ್ನ ಸರದಿಯಲ್ಲಿ ಕರೆಂಟು ಹೋದರೆ ಏನು ಎಂಬ ಪ್ರಶ್ನೆಗೆ ತಂಡದವರು ಮೊದಲೇ ಉತ್ತರ ಬರೆದಿಟ್ಟುಕೊಳ್ಳಬೇಕು. ಸರದಿಗಳು ಮುರಿಯುವುದು ಸಾಮಾನ್ಯವಾಗಿ ಅಲ್ಲಿಯೇ.

ರಾಜ್ಯದ ಮಟ್ಟದಲ್ಲಿಯೂ ಈಗ ಇದೇ ನಡೆಯುತ್ತಿದೆ. 2019ರ ಕೊನೆಯ ಹೊತ್ತಿಗೆ ಪಾವಗಡದ ಸೌರ ಉದ್ಯಾನ 2,050 ಮೆಗಾವಾಟಿನಷ್ಟು ಪೂರ್ಣಗೊಂಡಿತು. ರಾಜ್ಯದಲ್ಲಿ ಹಗಲಿನ ವಿದ್ಯುತ್ತು ಹೆಚ್ಚಿದಂತೆ, ಹಿಂದೆ ರಾತ್ರಿ ಮಾತ್ರ ಸಿಗುತ್ತಿದ್ದ ಮೂರು ಫೇಸನ್ನು ಹಲವೆಡೆ ಹಗಲಿಗೆ ತರಲಾಗಿದೆ. ಮೀಟರ್ ನಿಯಮಗಳೂ ಅದೇ ದಿಕ್ಕಿನಲ್ಲಿವೆ. ಕೇಂದ್ರದ 2023ರ ನಿಯಮ ತಿದ್ದುಪಡಿಯಲ್ಲಿ, ಸ್ಮಾರ್ಟ್ ಮೀಟರ್ ಇರುವಲ್ಲಿ ಬಿಸಿಲಿನ ಹೊತ್ತಿನ ದರ ಕನಿಷ್ಠ ಶೇಕಡ 20 ಕಡಿಮೆ ಇರಬೇಕೆಂದೂ, ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ಮನೆ ಬಳಕೆಗೆ ಕನಿಷ್ಠ ಶೇಕಡ 10 ಹೆಚ್ಚಿರಬೇಕೆಂದೂ ಹೇಳಲಾಗಿದೆ. ಕೃಷಿ ಬಳಕೆಯನ್ನು ಇದರಿಂದ ಹೊರಗಿಟ್ಟಿದ್ದಾರೆ. ಇಂಥ ದರ ಬಂದಾಗ, ಮೋಟಾರನ್ನು 11 ಗಂಟೆಗೆ ಹಾಕುವ ಅಭ್ಯಾಸವಿರುವ ಮನೆಗೆ ಲಾಭ.

ಸಗಣಿ ಅನಿಲ ಮತ್ತು ಪುರದ ಅನುಭವ

ಮನೆಯ ಮಟ್ಟದ ಉತ್ಪಾದನೆ ಎಂದರೆ ಸೌರಫಲಕ ಒಂದೇ ಅಲ್ಲ. ಒಂದು ದೊಡ್ಡ ದನದ ದಿನದ ಸಗಣಿ ಸುಮಾರು 10 ಕಿಲೋ, ಅದರಿಂದ 0.4 ಘನ ಮೀಟರ್ ಅನಿಲ. 1 ಘನ ಮೀಟರ್ ಅನಿಲವನ್ನು ಸಣ್ಣ ಎಂಜಿನ್ನಿನಲ್ಲಿ ಉರಿಸಿದರೆ ಹುಟ್ಟುವುದು ಒಂದೂಕಾಲರಿಂದ ಒಂದೂವರೆ ಯೂನಿಟ್. ನಾಲ್ಕು ದನವಿರುವ ಮನೆಗೆ ದಿನಕ್ಕೆ ಎರಡು ಯೂನಿಟ್ಟಿನಷ್ಟು ಮಾತ್ರ ಸಿಕ್ಕಿತು. ಅದಕ್ಕಾಗಿ ಎಂಜಿನ್ ಇಡುವುದು ಲಾಭವಲ್ಲ. ಒಂಟಿ ಮನೆಯವರು ಅನಿಲವನ್ನು ಒಲೆಗೇ ಬಳಸುವುದು ಸರಿ.

ಇಡೀ ಊರು ಒಟ್ಟಾದರೆ ಮಾತು ಬೇರೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಮಂದಿರದ ಅಸ್ತ್ರ ವಿಭಾಗದವರು ಸಮುದಾಯದ ಸಗಣಿ ಅನಿಲ ಸ್ಥಾವರ ಸ್ಥಾಪಿಸಿ, 1987ರಿಂದ ಅದರ ಅನಿಲದಿಂದ 5 ಕಿಲೋವಾಟಿನ ಡೀಸೆಲ್ ಎಂಜಿನ್ ಓಡಿಸಿ ಕುಡಿಯುವ ನೀರು ಮತ್ತು ಮನೆಗಳಿಗೆ ಬೆಳಕು ಒದಗಿಸಿದರು. ಸಗಣಿ ತಂದು ತೂಗಿಸಿದವರಿಗೆ ಸಣ್ಣ ಮೊತ್ತ, ಹಾಗೂ ಬಗ್ಗಡದ ಗೊಬ್ಬರ ಹಿಂದಕ್ಕೆ. 5 ಕಿಲೋವಾಟಿನಲ್ಲಿ ಒಂದು ಊರು ನಡೆದದ್ದು ಬೇಡಿಕೆಯನ್ನು ಕಟ್ಟಿಟ್ಟುಕೊಂಡದ್ದರಿಂದ. ದೀಪಕ್ಕೆ ಇಂತಿಷ್ಟು ಹೊತ್ತು, ನೀರೆತ್ತಲು ಬೇರೆ ಹೊತ್ತು. ಕಮ್ಮನಹಳ್ಳಿಯ ಒಂದೇ ಮನೆ ಬೆಳಿಗ್ಗೆ 7ಕ್ಕೆ 4.7 ಕಿಲೋವಾಟ್ ಕೇಳುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಕಟ್ಟಿಗೆಯಿಂದ ಅನಿಲ ಮಾಡಿ ವಿದ್ಯುತ್ತು ತಯಾರಿಸುವ 3.7 ಕಿಲೋವಾಟಿನ ಘಟಕ ಬಂದಿತು. ಬಳಕೆ ಬೆಳೆದಂತೆ ಮುಂದೆ 20 ಕಿಲೋವಾಟಿಗೆ ಏರಿಸಿದರು. ಚಿಕ್ಕದರಿಂದ ಹೊರಟು ಬೇಡಿಕೆ ಕಂಡಮೇಲೆ ಬೆಳೆಸಿದ ಈ ಕ್ರಮ ಫಲಕ ಕೊಳ್ಳುವವರಿಗೂ ಅನುಸರಣೀಯ.

ಮೀಟರ್ ಓದುವ ವಿಧಾನ

ಲೆಕ್ಕ ಕಾಗದದ ಮೇಲೆ ಸರಿಯಿದ್ದರೆ ಸಾಲದು, ಮೀಟರಿಗೂ ಹೊಂದಬೇಕು. ಒಂದು ವಾರ ಪ್ರತಿದಿನ ಬೆಳಿಗ್ಗೆ 6, 9, ಸಂಜೆ 4 ಮತ್ತು ರಾತ್ರಿ 10 ಗಂಟೆಗೆ ಮೀಟರಿನ ಅಂಕಿಯನ್ನು ಬರೆದಿಡಬೇಕು. 9ರಿಂದ 4ರವರೆಗಿನ ವ್ಯತ್ಯಾಸ ಬಿಸಿಲಿನ ಹೊತ್ತಿನ ಬಳಕೆ. ಉಳಿದದ್ದು ತಂತಿಯಿಂದಲೋ ಬ್ಯಾಟರಿಯಿಂದಲೋ ಬರಬೇಕಾದದ್ದು. ಬೇಸಿಗೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ, ಸುಗ್ಗಿಯಲ್ಲಿ ಒಂದು ವಾರ ಬರೆದರೆ ವರ್ಷದ ಚಿತ್ರ ಸಿಗುತ್ತದೆ.

ಒಂದೊಂದು ಉಪಕರಣದ ಬಳಕೆ ತಿಳಿಯಲು ಮೀಟರಿನ ಮೇಲೆ ಮಿಣುಕುವ ಕೆಂಪು ದೀಪ ಸಹಾಯಕ. ಮೀಟರಿನ ಮೇಲೆ ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. ಅದು 3200 ಆಗಿದ್ದರೆ, ಬೇರೆಲ್ಲವನ್ನೂ ಆರಿಸಿ ಬೇಕಾದ ಉಪಕರಣವನ್ನು ಮಾತ್ರ ಹಾಕಿ, ಒಂದು ನಿಮಿಷದ ಮಿಣುಕುಗಳನ್ನು ಎಣಿಸಿ 19ರಿಂದ ಗುಣಿಸಿದರೆ ಸರಿಸುಮಾರು ವಾಟ್ ಸಿಗುತ್ತದೆ. ಗೀಸರಿಗೆ ನಿಮಿಷಕ್ಕೆ 107ರ ಹತ್ತಿರ ಬರಬೇಕು. ಫ್ಯಾನಿನಂಥ ಸಣ್ಣ ಉಪಕರಣಕ್ಕೆ ಐದು ನಿಮಿಷ ಎಣಿಸಿ ಐದರಿಂದ ಭಾಗಿಸಬೇಕು. 70 ವಾಟಿನ ಫ್ಯಾನಿಗೆ ಐದು ನಿಮಿಷಕ್ಕೆ ಸುಮಾರು 19 ಮಿಣುಕು.

ಎಲ್ಲ ಉಪಕರಣಗಳ ಮೊತ್ತವನ್ನು ಬಿಲ್ಲಿನ ಜೊತೆ ಹೋಲಿಸಬೇಕು. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ. ಬಾಗಿಲಿನ ರಬ್ಬರು ಸಡಿಲವಾದ ಹಳೆಯ ಫ್ರಿಜ್ಜು, ಫುಟ್‌ವಾಲ್ವ್ ಸೋರುವುದರಿಂದ ಪ್ರತಿ ಸಲವೂ ನೀರು ತುಂಬಿಸಿ ಹೆಚ್ಚು ಹೊತ್ತು ಓಡಿಸಬೇಕಾದ ಮೋಟಾರು, ದನದ ಕೊಟ್ಟಿಗೆಯಲ್ಲಿ ಹಗಲಿರುಳೂ ಉರಿಯುವ ಒಂದು ಹಳೆಯ ಬಲ್ಬು ಇವೇ ಸಾಮಾನ್ಯವಾಗಿ ಸಿಕ್ಕಿಬೀಳುವ ಕಳ್ಳರು. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿಣುಕುತ್ತಲೇ ಇದ್ದರೆ ವೈರಿಂಗಿನಲ್ಲಿ ಸೋರಿಕೆ ಇರಬಹುದು. ಅದನ್ನು ಲೆಕ್ಕದ ವಿಷಯವೆಂದು ಬಿಡದೆ ಕೂಡಲೇ ಎಲೆಕ್ಟ್ರಿಷಿಯನ್ನರಿಗೆ ತೋರಿಸಬೇಕು. ಮಾರಾಟಗಾರರು ಬಂದಾಗ ಈ ನೋಟ್ ಪುಸ್ತಕವನ್ನು ಮುಂದಿಟ್ಟು, ಬಿಸಿಲಿಲ್ಲದ ಹೊತ್ತಿನ ಯೂನಿಟ್ಟಿಗೆ ಅವರು ಏನು ವ್ಯವಸ್ಥೆ ಮಾಡುತ್ತಾರೆಂದು ಕೇಳಿ, ಉತ್ತರವನ್ನು ಅದೇ ಪುಟದಲ್ಲಿ ಅವರ ರುಜುವಿನೊಡನೆ ಬರೆಸಿಕೊಳ್ಳುವುದು ಒಳ್ಳೆಯದು.